ಆ ವರ್ಷದ ದ್ರಾಕ್ಷಾರಸ

"ಗುರುಗಳೇ, ಕ್ಷಮಿಸಲು ಒಪ್ಪದವರಿಗೆ ಧರ್ಮವನ್ನು ಹೇಗೆ ತಿಳಿಸಬೇಕು?" ಎಂದು ಮಡಿವಾಳಯ್ಯ ಕೇಳಿದ.

ಯಾರ ವಿಷಯ ಎಂದು ಗುರುಗಳು ಕೇಳಿದರು.

"ದ್ಯಾಮವ್ವನ ವಿಷಯ. ಎಣ್ಣೆ ಗಿರಣಿಯಲ್ಲಿ ಗಂಡನ ಕೈ ಹೋದಂದಿನಿಂದ ಆಕೆ ಗಿರಣಿಯ ಸಾಹುಕಾರರ ಹೆಸರೆತ್ತಿದರೆ ಸಾಕು, ಉರಿದು ಬೀಳುತ್ತಾಳೆ. ಎಷ್ಟೋ ವರ್ಷದ ಹಿಂದಿನ ಮಾತು. ಊರಿನ ಹಿರಿಯರ ಜೊತೆ ನಾನೂ ಹೋಗಿದ್ದೆ. ಆದದ್ದು ಆಯಿತು, ಕ್ಷಮಿಸಿಬಿಡು, ನಿನ್ನ ಮನಸ್ಸಿಗೇ ಒಳ್ಳೆಯದು ಎಂದು ತಿಳಿಹೇಳಿದೆವು. ಎದ್ದು ಒಳಗೆ ಹೋದಳು. ನಾಳೆ ಇನ್ನೊಮ್ಮೆ ಹೋಗೋಣ ಎಂದಿದ್ದೇವೆ. ಏನು ಹೇಳಬೇಕೆಂದು ನೀವು ಹೇಳಿಕೊಡಿ."

ಗುರುಗಳು, "ಕೂತುಕೋ, ದ್ರಾಕ್ಷಾರಸದ ಒಂದು ಕತೆಯಿದೆ" ಎಂದರು.

"ಮದ್ಯದ ಕತೆಯೇ? ಮಠದಲ್ಲಿ?"

"ನಿನಗೆ ಕುಡಿಸುತ್ತಿಲ್ಲವಲ್ಲ, ಕೇಳು" ಎಂದು ಗುರುಗಳು ಕತೆ ಆರಂಭಿಸಿದರು.

ಬೆಟ್ಟದ ಸೀಮೆಯೊಂದರಲ್ಲಿ ಒಂದು ಮನೆತನವಿತ್ತು. ತಲೆಮಾರುಗಳಿಂದ ಅವರದು ಒಂದೇ ಕಸುಬು. ಇಳಿಜಾರಿನಲ್ಲಿ ಕಪ್ಪು ದ್ರಾಕ್ಷಿ ಬೆಳೆಯುವರು, ಕಾಲಿನಿಂದ ತುಳಿಯುವರು, ನೆಲಮಾಳಿಗೆಯ ಕಲ್ಲಿನ ತೊಟ್ಟಿಯಲ್ಲಿ ಹುದುಗಲು ಬಿಡುವರು, ಬಳಿಕ ಮರದ ಪೀಪಾಯಿಗಳಿಗೆ ತುಂಬಿ ವರ್ಷಗಟ್ಟಲೆ ಮಾಗಿಸುವರು. ಅವರ ಮನೆಯ ಕೆಂಪು ದ್ರಾಕ್ಷಾರಸಕ್ಕೆ ದೂರದೂರದವರೆಗೆ ಹೆಸರಿತ್ತು.

ಆ ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ರಸ ಹುದುಗುವಾಗ ಅದರಿಂದ ಒಂದು ಕೆಟ್ಟ ಗಾಳಿ ಏಳುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ನೆಲಮಾಳಿಗೆಯ ತಳದಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ಅದರೊಳಗೆ ಇಳಿದವನು ಉಸಿರುಗಟ್ಟಿ ಸಾಯುತ್ತಾನೆ. ಆದ್ದರಿಂದ ಯಾರೇ ಇಳಿಯುವ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಉರಿದರೆ ಇಳಿಯಬಹುದು. ಆರಿದರೆ ಬಾಗಿಲು ತೆರೆದಿಟ್ಟು ಮಾರನೆಯ ದಿನದವರೆಗೆ ಕಾಯಬೇಕು. ಅಜ್ಜನ ಕಾಲದಿಂದ ಯಾರೂ ಇದನ್ನು ಮೀರಿರಲಿಲ್ಲ.

ಒಂದು ವರ್ಷ ಕೊಯ್ಲು ಮುಗಿದ ಮೇಲೆ ಅರಮನೆಯ ಪರೀಕ್ಷಕ ಆ ಮನೆಗೆ ಬಂದ. ಅರಮನೆಗೆ ಯಾವ ಮನೆಯ ರಸ ಹೋಗಬೇಕೆಂದು ಆರಿಸುವವನು ಅವನೇ. ಅವನು ತಲೆಯಾಡಿಸಿದರೆ ಇಡೀ ಊರಿಗೆ ಗಾಡಿಗಳು ಬರುತ್ತಿದ್ದವು. ಮುಖ ತಿರುಗಿಸಿದರೆ ಯಾರೂ ಬರುತ್ತಿರಲಿಲ್ಲ. ತೊಟ್ಟಿಯಲ್ಲಿ ಹುದುಗುತ್ತಿದ್ದ ಹೊಸ ರಸದ ರುಚಿ ನೋಡಬೇಕೆಂದು ಅವನು ಕೇಳಿದ. ಮನೆಯ ಯಜಮಾನನ ಮಗ ದೀಪ ಇಳಿಬಿಟ್ಟ. ದೀಪ ಆರಿತು.

"ಇವತ್ತು ಇಳಿಯಲಾಗುವುದಿಲ್ಲ ಒಡೆಯರೇ. ಒಂದು ರಾತ್ರಿ ನಮ್ಮಲ್ಲೇ ತಂಗಿ" ಎಂದ ಮಗ.

ಪರೀಕ್ಷಕನಿಗೆ ಸಂಜೆಯೊಳಗೆ ಮುಂದಿನ ಊರು ಸೇರಬೇಕಿತ್ತು. ಅಲ್ಲಿ ಅವನಿಗೊಂದು ಔತಣವಿತ್ತು. "ನನ್ನನ್ನು ಕಾಯಿಸುವ ಮನೆಯ ರಸ ಅರಮನೆಗೆ ಬೇಕಾಗಿಲ್ಲ. ಈಗ ತಂದುಕೊಡುವುದಾದರೆ ಕೊಡು. ಇಲ್ಲವಾದರೆ ನಾನು ಹೊರಟೆ" ಎಂದ.

ಮಗ ತಂದೆಯ ಕಡೆ ನೋಡಿದ. ಯಜಮಾನ ಬೇಡವೆನ್ನಲಿಲ್ಲ. ಹೋಗು ಎಂದೂ ಹೇಳಲಿಲ್ಲ. ನೆಲ ನೋಡುತ್ತ ನಿಂತ. ಮಗ ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೂಜಿ ಹಿಡಿದು ಇಳಿದ. ಮೇಲೆ ಬರಲಿಲ್ಲ. ಕೂಗಿದರೆ ಓಗೊಡಲಿಲ್ಲ. ಆಗ ಮನೆಯ ಕೂಲಿಯಾಳೊಬ್ಬ ಯಾರ ಅಪ್ಪಣೆಗೂ ಕಾಯದೆ ಅವನನ್ನು ಎತ್ತಿ ತರಲು ಇಳಿದ. ಅವನೂ ಮೇಲೆ ಬರಲಿಲ್ಲ.

ಮಗನಿಗೆ ಆ ವರ್ಷವೇ ಮದುವೆಯಾಗಿತ್ತು. ಕೂಲಿಯಾಳಿಗೆ ತಾಯಿಯೊಬ್ಬಳೇ ಇದ್ದಳು.

ಪರೀಕ್ಷಕ ಏನು ಮಾಡಿದ ಗೊತ್ತೇ? "ಅಯ್ಯೋ ಪಾಪ" ಎಂದ. ಗಾಡಿ ಹತ್ತಿದ. ಸಂಜೆಯೊಳಗೆ ಮುಂದಿನ ಊರು ಸೇರಿದ. ಅಲ್ಲಿ ಔತಣ ಚೆನ್ನಾಗಿಯೇ ನಡೆಯಿತಂತೆ.

ಇಲ್ಲಿಗೆ ಬಂದಾಗ ಗುರುಗಳ ದನಿ ಏರಿತ್ತು. ಅವರು ಒಂದು ಗುಟುಕು ನೀರು ಕುಡಿದು ಮುಂದುವರಿಸಿದರು.

ಯಜಮಾನ ಮಗನನ್ನು ಮಣ್ಣು ಮಾಡಿದ. ಯಾರ ಮೇಲೂ ದೂರು ಹೇಳಲಿಲ್ಲ. ಅರಮನೆಯವರ ಮೇಲೆ ದೂರು ಹೇಳಿ ಬದುಕುವುದುಂಟೇ? ಮಗ ಅವಸರ ಮಾಡಿದ, ಹಾಗಾಯಿತು ಎಂದು ಬಂದವರಿಗೆಲ್ಲ ಹೇಳಿದ. ಹೇಳುತ್ತ ಹೇಳುತ್ತ ಊರಿನವರು ಅದನ್ನೇ ನಂಬಿದರು. ಕೂಲಿಯಾಳಿನ ವಿಷಯವನ್ನಂತೂ ಯಾರೂ ಎತ್ತಲೇ ಇಲ್ಲ.

ಸೊಸೆ ಮಾತ್ರ ನಂಬಲಿಲ್ಲ. ಅವಳು ಅಂದು ಅಲ್ಲೇ ನಿಂತಿದ್ದಳು. ತವರಿನವರು ಕರೆದರೂ ಹೋಗಲಿಲ್ಲ. ಗಂಡನ ಕೆಲಸವನ್ನೆಲ್ಲ ಕಲಿತು ನೆಲಮಾಳಿಗೆಯನ್ನು ತಾನೇ ನೋಡಿಕೊಂಡಳು. ಆ ವರ್ಷದ ರಸ ಒಂದು ಪೀಪಾಯಿಯಲ್ಲಿತ್ತು. ಅದನ್ನು ಚೆಲ್ಲಿಬಿಡು ಎಂದು ಅತ್ತೆ ಹೇಳಿದಳು. ಸೊಸೆ ಚೆಲ್ಲಲಿಲ್ಲ. ಅದು ಅವಳ ಗಂಡ ತುಳಿದ ದ್ರಾಕ್ಷಿ. ಗಾಳಿ ಸೋಕಿ ಕೆಡದಂತೆ ಅದನ್ನು ವರ್ಷ ವರ್ಷವೂ ಕಾಪಾಡಿದಳು. ತಾನು ಒಂದು ಹನಿಯನ್ನೂ ಬಾಯಿಗೆ ಹಾಕಲಿಲ್ಲ.

ಅವಳ ಬಳಿಗೆ ಜನ ಬರುತ್ತಿದ್ದರು. ನೆಂಟರು ಬಂದರು, ನೆರೆಯವರು ಬಂದರು, ಗುಡಿಯ ಪೂಜಾರಿ ಬಂದ. ಎಲ್ಲರದೂ ಒಂದೇ ಮಾತು. ಮರೆತುಬಿಡು ತಾಯಿ. ಕ್ಷಮಿಸಿಬಿಡು. ಸಿಟ್ಟು ನಿನ್ನನ್ನೇ ಸುಡುತ್ತದೆ. ಅವಳು ಬಂದವರಿಗೆ ಬೆಲ್ಲ, ನೀರು ಕೊಟ್ಟು ಕಳಿಸುತ್ತಿದ್ದಳು.

ವರ್ಷಗಳು ಹೋದವು. ಯಜಮಾನ ಮುದುಕನಾದ. ಪರೀಕ್ಷಕನಿಗೂ ತಲೆ ಬೆಳ್ಳಗಾಯಿತು, ಹೆಸರು ಇನ್ನಷ್ಟು ದೊಡ್ಡದಾಯಿತು. ಒಂದು ಹನಿ ನಾಲಗೆಗೆ ಬಿದ್ದರೆ ಯಾವ ಬೆಟ್ಟದ ದ್ರಾಕ್ಷಿ, ಯಾವ ವರ್ಷದ ಬಿಸಿಲು ಎಂದು ಹೇಳಬಲ್ಲ ಎಂದು ಜನ ಕೊಂಡಾಡುತ್ತಿದ್ದರು. ಅಂಥವನು ಒಂದು ದಿನ ಮತ್ತೆ ಆ ಮನೆಗೆ ಬಂದ. ಆ ಮನೆಯಲ್ಲಿ ಬಹಳ ಹಳೆಯ ಕೆಂಪು ರಸವಿದೆ ಎಂಬ ಸುದ್ದಿ ಅವನಿಗೆ ಮುಟ್ಟಿತ್ತು.

ಊರೇ ಅಂಗಳದಲ್ಲಿ ಸೇರಿತು. ಯಜಮಾನ ಹೊಸ ಪಂಚೆ ಉಟ್ಟು ಕೈಮುಗಿದು ನಿಂತ. ಪರೀಕ್ಷಕ ಹಳೆಯ ಪೀಪಾಯಿಯ ರಸ ಕೇಳಿದ.

"ಅದು ಮಾರುವುದಕ್ಕಲ್ಲ ಮಾವ" ಎಂದಳು ಸೊಸೆ.

"ಮಾರುವುದು ಬೇಡ. ರುಚಿಗೆ ಕೊಡು. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು" ಎಂದ ಯಜಮಾನ. ಅವನ ದನಿಯಲ್ಲಿ ಬೇಡಿಕೊಳ್ಳುವಂಥದೇನೋ ಇತ್ತು. ಸೊಸೆ ಹೋಗಿ ಒಂದು ಬಟ್ಟಲು ತಂದಳು.

ಪರೀಕ್ಷಕ ಬಟ್ಟಲನ್ನು ಬೆಳಕಿಗೆ ಹಿಡಿದ. ಮೂಸಿದ. ಒಂದು ಗುಟುಕು ಬಾಯಿಗೆ ತೆಗೆದುಕೊಂಡು ಕಣ್ಣು ಮುಚ್ಚಿದ. ಬಹಳ ಹೊತ್ತಿನ ಮೇಲೆ ಅವನು ಕಣ್ಣು ತೆರೆದ. ಕಣ್ಣಲ್ಲಿ ನೀರಿತ್ತು.

"ಇಂಥ ರಸವನ್ನು ನಾನು ಕುಡಿದಿಲ್ಲ. ಆ ವರ್ಷ ಮಳೆ ತಡವಾಯಿತು. ಕೊಯ್ಲಿಗೆ ಮುಂಚೆ ಒಣಗಾಳಿ ಬೀಸಿತು. ಹಣ್ಣು ಚಿಕ್ಕದಾಯಿತು, ಸಿಪ್ಪೆ ದಪ್ಪವಾಯಿತು. ಎಲ್ಲವೂ ಇದರಲ್ಲಿದೆ. ಆ ವರ್ಷ ನನಗೆ ಚೆನ್ನಾಗಿ ನೆನಪಿದೆ" ಎಂದ.

ಜನ ಬೆರಗಾದರು.

ಸೊಸೆ ಕೇಳಿದಳು: "ಆ ವರ್ಷ ಇನ್ನೇನಾಯಿತು ಒಡೆಯರೇ?"

ಪರೀಕ್ಷಕ ಯೋಚಿಸಿದ. ನಿಜವಾಗಿಯೂ ಯೋಚಿಸಿದ. "ಇನ್ನೇನು? ಬಿಸಿಲು ಒಳ್ಳೆಯದಿತ್ತು" ಎಂದ.

ನೋಡು ಮಡಿವಾಳಯ್ಯ. ಅವನು ಸುಳ್ಳು ಹೇಳಲಿಲ್ಲ. ಅವನಿಗೆ ಗಾಳಿ ನೆನಪಿತ್ತು. ಮಳೆ ನೆನಪಿತ್ತು. ದ್ರಾಕ್ಷಿಯ ಸಿಪ್ಪೆ ನೆನಪಿತ್ತು. ಸತ್ತ ಇಬ್ಬರು ನೆನಪಿರಲಿಲ್ಲ.

ಸೊಸೆ ಅವನಿಗೆ ನೆನಪು ಮಾಡಿಕೊಟ್ಟಳು. ಗಂಡನ ಹೆಸರು ಹೇಳಿದಳು. ಕೂಲಿಯಾಳಿನ ಹೆಸರು ಹೇಳಿದಳು. ಯಾವ ಮಾತಿಗೆ ಅವರು ಇಳಿದರೆಂಬುದನ್ನೂ ಊರಿನ ಎದುರಿಗೇ ಹೇಳಿದಳು.

ಪರೀಕ್ಷಕ ಹುಬ್ಬು ಗಂಟಿಕ್ಕಿದ. "ಹೌದು, ಏನೋ ಅವಘಡವಾಗಿತ್ತು. ಪಾಪ" ಎಂದ. ಆಮೇಲೆ ಬಟ್ಟಲನ್ನು ಎತ್ತಿ ತೋರಿಸಿ ನಕ್ಕ. "ತಂಗಿ, ಇಷ್ಟು ವರ್ಷ ಸಿಟ್ಟನ್ನು ಇಟ್ಟುಕೊಂಡರೆ ಅದು ಹುಳಿಯಾಗುತ್ತದೆ. ನಿನ್ನ ಮನೆಯದೇ ಆದ ಈ ರಸವನ್ನು ನೋಡಿ ಕಲಿ. ಕತ್ತಲಲ್ಲಿ ಸುಮ್ಮನೆ ಕೂತು ಹೇಗೆ ಸಿಹಿಯಾಗಿದೆ!"

ಎಂಥ ಮಾತು ಎಂದು ಅಂಗಳದಲ್ಲಿ ಯಾರೋ ತಲೆದೂಗಿದರು. ಪೂಜಾರಿಯೂ ತಲೆದೂಗಿದ.

ಸೊಸೆ ಅವನ ಕೈಯಿಂದ ಬಟ್ಟಲನ್ನು ಕಿತ್ತುಕೊಂಡಳು. "ಇದು ಸುಮ್ಮನೆ ಕೂತಿರಲಿಲ್ಲ. ಇದನ್ನು ನಾನು ಕಾದಿದ್ದೇನೆ" ಎಂದಳು. ಅಷ್ಟೇ ಹೇಳಿದಳು. ಮಾವನ ಕಡೆ ತಿರುಗಿ ಬಟ್ಟಲನ್ನು ಅವನಿಗೆ ಕೊಟ್ಟಳು.

ಯಜಮಾನನೂ ಆ ರಸದ ರುಚಿಯನ್ನು ಎಂದೂ ನೋಡಿರಲಿಲ್ಲ. ಅವನು ಒಂದು ಗುಟುಕು ಕುಡಿದ.

"ಚೆನ್ನಾಗಿದೆ" ಎಂದ. ಮತ್ತೆ ಹೇಳಿದ: "ಇದು ಇಷ್ಟು ಚೆನ್ನಾಗಿರಬಾರದಿತ್ತು."

ಹಾಗೆಂದು ಮುದುಕ ಅಳಲು ಶುರುಮಾಡಿದ. ಮಗ ಸತ್ತ ದಿನವೂ ಅವನು ಊರಿನ ಎದುರು ಅತ್ತಿರಲಿಲ್ಲ. ಅಳುತ್ತಲೇ ಪರೀಕ್ಷಕನಿಗೆ ಹೇಳಿದ: "ನನ್ನ ಮಗ ಅವಸರ ಮಾಡಲಿಲ್ಲ. ನೀವು ಅವಸರ ಮಾಡಿದಿರಿ. ದೀಪ ಆರಿದ್ದನ್ನು ನೀವೂ ನೋಡಿದಿರಿ, ನಾನೂ ನೋಡಿದೆ. ನೀವು ಕಳಿಸಿದಿರಿ. ನಾನು ತಡೆಯಲಿಲ್ಲ. ನಮ್ಮ ಮನೆಯಿಂದ ಎದ್ದು ಹೋಗಿ."

ಪರೀಕ್ಷಕ ಎದ್ದು ಹೋದ. ಕ್ಷಮೆ ಕೇಳಲಿಲ್ಲ. ಹೋಗುವಾಗ, ಇಷ್ಟು ಒಳ್ಳೆಯ ರಸ ಇಂಥವರ ಮನೆಯಲ್ಲಿದೆಯಲ್ಲ ಎಂದು ಜೊತೆಯವರಲ್ಲಿ ಮರುಗಿದನಂತೆ.

ಅಂದಿನಿಂದ ಅರಮನೆಯ ಗಾಡಿಗಳು ಆ ಊರಿಗೆ ಬರುವುದು ನಿಂತಿತು. ಊರಿನವರು ಪರೀಕ್ಷಕನನ್ನು ಬೈಯಲಿಲ್ಲ. ಸೊಸೆಯನ್ನು ಬೈದರು. ಒಬ್ಬ ಹೆಂಗಸಿನ ಹಟದಿಂದ ಊರು ಕೆಟ್ಟಿತು ಎಂದರು. ಮತ್ತೆ ಗುಂಪು ಕಟ್ಟಿಕೊಂಡು ಅವಳಲ್ಲಿಗೇ ಹೋದರು. ಈ ಸಲ ಏನು ಹೇಳಿದರು ಗೊತ್ತೇ? ಹೋಗಿ ಅವನ ಕ್ಷಮೆ ಕೇಳು ಎಂದರು! ಗಂಡನನ್ನು ಕಳೆದುಕೊಂಡವಳು ಹೋಗಿ, ಅವನ ಜೀವ ಕಳೆದವನ ಕಾಲು ಹಿಡಿಯಬೇಕಂತೆ! ಈ ಸಲ ಅವಳು ಬೆಲ್ಲ, ನೀರು ಕೊಡಲಿಲ್ಲ.

ಆದರೆ ಯಜಮಾನ ಒಂದು ಬೆಳಗ್ಗೆ ಕೋಲು ಹಿಡಿದು ಮನೆಯಿಂದ ಹೊರಟ. ಊರಿನ ಅಂಚಿನಲ್ಲಿ ಆ ಕೂಲಿಯಾಳಿನ ತಾಯಿಯ ಗುಡಿಸಲಿತ್ತು. ಇಷ್ಟು ವರ್ಷಗಳಲ್ಲಿ ಅವನು ಆ ಕಡೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಒಳಗೆ ಹೋಗಿ ಅವಳ ಎದುರು ನೆಲದ ಮೇಲೆ ಕೂತ. "ನಿನ್ನ ಮಗ ನನ್ನ ಮಗನನ್ನು ಉಳಿಸಲು ಹೋಗಿ ಸತ್ತ. ಬೇಡವೆನ್ನುವ ಬಾಯಿ ನನಗಿತ್ತು. ನಾನು ತೆರೆಯಲಿಲ್ಲ. ಆಮೇಲೂ ತೆರೆಯಲಿಲ್ಲ. ತಪ್ಪಾಯಿತು ತಾಯಿ" ಎಂದ.

ಮುದುಕಿ, "ಇಷ್ಟು ತಡ ಮಾಡಿದಿರಲ್ಲ" ಎಂದಳು.

ಹಾಗೆಂದು ಎದ್ದು ಅವನಿಗೆ ಕುಡಿಯಲು ನೀರು ಕೊಟ್ಟಳು. ಆ ದಿನದಿಂದ ಯಜಮಾನ ಆಗಾಗ ಅಲ್ಲಿಗೆ ಹೋಗುತ್ತಿದ್ದ. ಕೆಲವು ದಿನ ಅವಳು ಮಾತಾಡುತ್ತಿದ್ದಳು, ಕೆಲವು ದಿನ ಬೈಯುತ್ತಿದ್ದಳು. ಅವನು ಎರಡನ್ನೂ ಕೇಳಿಸಿಕೊಂಡು ಬರುತ್ತಿದ್ದ. ಅವಳು ತೀರಿಕೊಂಡಾಗ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ.

ಸೊಸೆ ಕಸುಬನ್ನು ಬಿಡಲಿಲ್ಲ. ಅರಮನೆಗೆ ಹೋಗದ ರಸವನ್ನು ದಾರಿಹೋಕರು ಕೊಂಡರು, ಗಾಡಿಯವರು ಕೊಂಡರು. ಮನೆ ಮೊದಲಿನಷ್ಟು ದೊಡ್ಡದಾಗಿ ಉಳಿಯಲಿಲ್ಲ, ಬೀಳಲೂ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮಡಿವಾಳಯ್ಯನಿಗೆ ಸಮಾಧಾನವಾಗಿರಲಿಲ್ಲ. ಏನೋ ಬಾಕಿ ಉಳಿದಂತೆ ಅನಿಸಿತು.

"ಗುರುಗಳೇ, ಕೊನೆಗಾದರೂ ಆ ಸೊಸೆ ಪರೀಕ್ಷಕನನ್ನು ಕ್ಷಮಿಸಿದಳೇ?" ಎಂದು ಕೇಳಿದ.

ಗುರುಗಳ ಮುಖ ಕೆಂಪೇರಿತು.

"ಕ್ಷಮಿಸು ಎನ್ನಲು ನಿಮಗೆಲ್ಲ ಅವಳ ಮನೆಯ ದಾರಿ ಗೊತ್ತು; ಕ್ಷಮೆ ಕೇಳು ಎನ್ನಲು ಅವನ ಮನೆಯ ದಾರಿ ಒಬ್ಬರಿಗೂ ಗೊತ್ತಿಲ್ಲವೇ?"