ಅಧ್ಯಕ್ಷರ ಕುರ್ಚಿಯ ದಿಕ್ಕು

ಅದೊಂದು ಸಾಧಾರಣ ಗುರುವಾರ. ಶಾಲೆಯ ಜವಾನ ಬೆಳಗಿನ ಗಂಟೆ ಬಾರಿಸಿ, ಸುಣ್ಣದ ಪುಡಿ ಹಿಡಿದು ಮೈದಾನಕ್ಕೆ ಬಂದ. ಮರುದಿನ ಸಂಜೆ ಹುಡುಗಿಯರ ವಾಲಿಬಾಲ್ ಪಂದ್ಯ. ಗೆದ್ದರೆ ಜಿಲ್ಲಾ ಮಟ್ಟಕ್ಕೆ. ಅವನು ಅಂಕಣದ ಗೆರೆ ಎಳೆಯಲು ಉತ್ತರ-ದಕ್ಷಿಣವಾಗಿ ಹಗ್ಗ ಕಟ್ಟುತ್ತಿದ್ದಾಗ ಶಾಲಾ ಸಮಿತಿಯ ಅಧ್ಯಕ್ಷ ತಿಪ್ಪೇರುದ್ರಪ್ಪನವರು ಬಂದರು.

"ಏನಯ್ಯಾ ಇದು? ದಕ್ಷಿಣ ಯಮನ ದಿಕ್ಕು. ನಮ್ಮ ಮಕ್ಕಳು ಆ ಕಡೆ ಮುಖ ಮಾಡಿ ನಿಲ್ಲೋದೇ? ಪೂರ್ವ-ಪಶ್ಚಿಮವಾಗಿ ಎಳಿ!"

"ಆಗ ಪಶ್ಚಿಮಕ್ಕೆ ಮುಖ ಮಾಡಿ ನಿಂತವರ ಕಣ್ಣಿಗೆ ಸಂಜೆ ಬಿಸಿಲು ಹೊಡೆಯುತ್ತೆ ಸ್ವಾಮಿ. ಬಾಲು ಕಾಣಲ್ಲ."

"ಶಾಸ್ತ್ರ ನನಗೆ ಗೊತ್ತು. ನೀನು ಗೆರೆ ಎಳಿ."

ಜವಾನ ಹಗ್ಗ ಬಿಚ್ಚಿ ಪೂರ್ವ-ಪಶ್ಚಿಮವಾಗಿ ಕಟ್ಟಿದ. ಆಮೇಲೆ ಆಫೀಸಿನಿಂದ ದೊಡ್ಡ ಕುರ್ಚಿ ತಂದು, ಅಂಕಣದ ಉದ್ದ ಬದಿಯ ನಡುವೆ ಇಟ್ಟ.

"ನಾಳೆ ತಾವು ಕೂರೋ ಜಾಗ. ಒಮ್ಮೆ ಕೂತು ನೋಡಿ ಸ್ವಾಮಿ."

ಅಧ್ಯಕ್ಷರು ಗತ್ತಿನಿಂದ ಕೂತರು. ಹಾಗೇ ಅನುಮಾನ ಬಂತು. "ನಾನೀಗ ಯಾವ ದಿಕ್ಕಿಗೆ ಕೂತಿದೀನಿ?"

"ದಕ್ಷಿಣಕ್ಕೆ."

ಅಧ್ಯಕ್ಷರು ಕೆಂಡ ತುಳಿದವರಂತೆ ಎದ್ದರು. "ಆಚೆ ಬದಿಗೆ ಹಾಕು!"

"ಆಚೆ ಶೌಚಾಲಯ ಸ್ವಾಮಿ. ಬಾಗಿಲು ಕಾದ ಹಾಗಾಗುತ್ತೆ." ಜವಾನ ತಲೆ ಕೆರೆದುಕೊಂಡ. "ಮೊದಲಿನ ಹಾಗೇ ಎಳೆದರೆ ತಾವು ಪೂರ್ವಕ್ಕೆ ಮುಖ ಮಾಡಿ ಕೂರಬಹುದು."

"ಮತ್ತೆ ಮಕ್ಕಳು?"

"ಅವರು ಒಂದು ಕಡೆ ಎಲ್ಲಿ ನಿಲ್ತಾರೆ ಸ್ವಾಮಿ, ಓಡಾಡ್ತಾನೇ ಇರ್ತಾರೆ. ಯಮನ ಕೈಗೆ ಸಿಗೋ ಹಾಗೆ ಕೂರೋರು ತಾವೊಬ್ಬರೇ."

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ನಾನು ಮೊದಲಿಂದ ಹೇಳ್ತಾ ಇರೋದೂ ಅದೇ ಅಲ್ವೇನಯ್ಯಾ?"

ಮರುದಿನ ಸಂಜೆ ಐದಕ್ಕೆ ಪಂದ್ಯ ಶುರುವಾಯಿತು. ಬಿಸಿಲು ಅಧ್ಯಕ್ಷರ ಬೆನ್ನಿಗೆ ಬಿದ್ದಿತ್ತು.