ಖಾಲಿ ಶಂಖ

ಲವೀನಾ ಮೊದಲ ಬಾರಿಗೆ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಮಾಡಿದಳು. ನೀರು ಹದಕ್ಕೆ ಬಂದ ಮೇಲೆ ಒಂದು ಸಿಗಡಿಯನ್ನೂ, ಶಂಖ ಹೊತ್ತು ತಿರುಗುವ ಎರಡು ಏಡಿಗಳನ್ನೂ ತಂದು ಬಿಟ್ಟಳು. ದೊಡ್ಡ ಏಡಿ ಬೆಳೆದಂತೆ ಅದರ ಶಂಖ ಮೈಗೆ ಬಿಗಿಯಾಗತೊಡಗಿತು. ಅದನ್ನು ಗಮನಿಸಿದ ಲವೀನಾ ಅಗಲವಾದ ಖಾಲಿ ಶಂಖವೊಂದನ್ನು ಮರಳಿನ ಮೇಲಿಟ್ಟಳು.

“ಅಣ್ಣಾ, ನಿನಗೆ ಹೊಸ ಮನೆ ಬಂದಿದೆ,” ಎಂದಿತು ಸಿಗಡಿ.

“ಇಷ್ಟು ಚೆಂದದ ಮನೆಯನ್ನು ಯಾರಾದರೂ ಸುಮ್ಮನೆ ಕೊಡುತ್ತಾರೆಯೇ? ಒಳಗೆ ಯಾರೋ ಅಡಗಿದ್ದಾರೆ,” ಎಂದಿತು ದೊಡ್ಡ ಏಡಿ. ಶಂಖವನ್ನು ತಟ್ಟಿ ನೋಡಿತು. ಅದರ ಬಾಯಿಗೆ ಮರಳು ಎಸೆದು ಕಾದಿತು. ಏನೂ ಕದಲಲಿಲ್ಲ. “ಮಹಾ ಜಾಣ. ಉಸಿರು ಬಿಗಿಹಿಡಿದು ಕೂತಿದ್ದಾನೆ.”

“ನಾನೇ ಒಳಹೊಕ್ಕು ನೋಡಿ ಬಂದೆ. ಖಾಲಿ ಇದೆ.”

“ಹಾಗಾದರೆ ನೀನೂ ಅವನ ಕಡೆಯವನೇ!”

ಬಿಗಿದ ಶಂಖದೊಳಗೆ ನೋವು ತಾಳಲಾರದೆ ಕೊನೆಗೆ ಅದು ಚಿಕ್ಕ ಏಡಿಯನ್ನು ಕರೆಯಿತು. “ತಮ್ಮಾ, ಮೊದಲು ನೀನು ಹೋಗಿ ನೋಡು. ನಿನಗೇನೂ ಆಗದಿದ್ದರೆ ನಾನು ಹೋಗುತ್ತೇನೆ.”

ಚಿಕ್ಕ ಏಡಿ ತನ್ನ ಶಂಖ ಬಿಟ್ಟು ಹೊಸದರೊಳಗೆ ಹೊಕ್ಕಿತು. ಅತ್ತಿತ್ತ ಹೊರಳಿ ಮೈ ಚಾಚಿತು.

“ಅಣ್ಣಾ, ಇಲ್ಲಿ ಯಾರೂ ಇಲ್ಲ. ಕೊಂಚ ದೊಡ್ಡದಾದರೂ ಬಹಳ ಹಾಯಾಗಿದೆ. ನಾನಿನ್ನು ಹೊರಗೆ ಬರುವುದಿಲ್ಲ.”

ದೊಡ್ಡ ಏಡಿ ಕುಂಟುತ್ತ ಸಿಗಡಿಯ ಬಳಿ ಬಂದು ಪಿಸುಗುಟ್ಟಿತು: “ನೋಡಿದೆಯಾ ಆ ಚಿಕ್ಕವನ ಕಿಲಾಡಿತನ? ಹೋಗು ಎಂದು ನನ್ನ ಬಾಯಿಂದಲೇ ಹೇಳಿಸಿಬಿಟ್ಟ!”