ಹೇಂಟೆ ಕೇಳಿದ ಕಥೆ

ಕೆರೆ ದಂಡೆಯ ಶಾಲೆಯಲ್ಲಿ ಆಮೆ ಮೇಷ್ಟರು ಹೊಸದೊಂದು ಕಥೆ ಶುರುಮಾಡಿದ್ದರು. ಎರಡು ಗಂಡು ಕೊಕ್ಕರೆಗಳು ಒಂದಾಗಿ ಬಾಳುತ್ತಾ, ದಿಕ್ಕಿಲ್ಲದ ಮೊಟ್ಟೆಯೊಂದನ್ನು ತಮ್ಮ ಗೂಡಿಗೆ ತಂದ ಕಥೆ ಅದು. ಸುದ್ದಿ ತಿಳಿದ ಹೇಂಟೆ ಓಡಿಬಂದು ತನ್ನ ಮರಿಯನ್ನು ರೆಕ್ಕೆಯೊಳಗೆ ಎಳೆದುಕೊಂಡಿತು.

“ಮೇಷ್ಟ್ರೇ, ಈ ಕಥೆ ನಿಲ್ಲಿಸಿ. ನನ್ನ ಮರಿ ಏನು ಕೇಳಬೇಕೆಂದು ಹೇಳಬೇಕಾದವಳು ತಾಯಿಯಾದ ನಾನು.”

“ನಿಜ ತಾಯಿ. ನಿಮ್ಮ ಮರಿಯನ್ನು ನೀವು ಕರೆದುಕೊಂಡು ಹೋಗಬಹುದು,” ಎಂದರು ಮೇಷ್ಟರು. “ಆದರೆ ಕಥೆಯನ್ನೇ ನಿಲ್ಲಿಸಿದರೆ ಇವನಿಗೆ ಏನು ಹೇಳಲಿ?”

ಎದುರಿಗೆ ಕೊಕ್ಕರೆ ಮರಿಯೊಂದು ತಲೆ ತಗ್ಗಿಸಿ ನಿಂತಿತ್ತು.

“ನಿನ್ನನ್ನು ಸಾಕುವವರು ಯಾರು?” ಎಂದು ಹೇಂಟೆ ಕೇಳಿತು.

“ಇಬ್ಬರು ಅಪ್ಪಂದಿರು. ನಮ್ಮ ಮನೆಯಂಥ ಮನೆಯ ಕಥೆಯನ್ನು ಶಾಲೆಯಲ್ಲಿ ಇವತ್ತೇ ಕೇಳಿದ್ದು.”

ಮೊಟ್ಟೆಯ ವಿಚಾರವಾದ್ದರಿಂದ ಹೇಂಟೆಗೆ ಕೇಳದೆ ಇರಲಾಗಲಿಲ್ಲ. “ಕಾವಿಗೆ ಕೂರಲು ಅವರಿಗೆ ಬರುತ್ತದೆಯೇ? ಮಳೆ ಬಂದರೆ?”

“ಒಬ್ಬರು ಕೂರುತ್ತಿದ್ದರಂತೆ, ಇನ್ನೊಬ್ಬರು ಮೇಲೆ ರೆಕ್ಕೆ ಹರಡಿ ನಿಲ್ಲುತ್ತಿದ್ದರಂತೆ. ಹಾಗೇ ನಾನು ಹುಟ್ಟಿದೆ.”

“ನಾನು ಒಬ್ಬಳೇ ಎರಡನ್ನೂ ಮಾಡಿದೆ,” ಎಂದು ಹೇಂಟೆ ಮೆಲ್ಲಗೆ ಗೊಣಗಿತು.

ಅಷ್ಟರಲ್ಲಿ ಅದರ ಮರಿ ರೆಕ್ಕೆಯ ಸಂದಿಯಿಂದ ಇಣುಕಿ, “ಅಮ್ಮಾ, ಕಥೆಯಲ್ಲಿದ್ದ ಮೊಟ್ಟೆ ಒಡೆದು ಮರಿ ಬಂತಾ?” ಎಂದಿತು.

“ನನಗೂ ಗೊತ್ತಿಲ್ಲ ಮಗು,” ಎಂದು ಹೇಂಟೆ ಅಲ್ಲೇ ಕುಳಿತುಕೊಂಡಿತು. “ಮೇಷ್ಟ್ರೇ, ಮುಂದೆ ಹೇಳಿ. ಬೇಕೋ ಬೇಡವೋ ಎಂಬುದನ್ನು ಪೂರ್ತಿ ಕೇಳಿದ ಮೇಲೆ ತಿಳಿಸುತ್ತೇನೆ.”